ಗೊಂಬೆಗೂ ಒಂದು ಹಂಗಾಮು

ಸೇಬಿನಲ್ಲಿ ಹಸುಗೂಸಿನ ಮುಖ ಮಾಡಲು ಬರುವುದಿಲ್ಲ. ಕೆತ್ತಬಹುದು, ಉಳಿಯುವುದಿಲ್ಲ. ಚಾಕು ಆಡಿಸಿದ ದಿನ ಗಲ್ಲ ಉಬ್ಬಿ ನುಣ್ಣಗಿದ್ದ ಮುಖ ವಾರದೊಳಗೆ ನಡುವಯಸ್ಸು ದಾಟುತ್ತದೆ. ಮೂರನೇ ವಾರಕ್ಕೆ ಹಣೆಗೆ ಗೆರೆ ಬಿದ್ದು, ಕಣ್ಣು ಒಳಗೆ ಸರಿದು, ಬಾಯಿ ಬೊಚ್ಚಾಗಿ, ಎದುರಿಗೆ ಒಬ್ಬ ಅಜ್ಜಿಯೋ ಅಜ್ಜನೋ ಕೂತಿರುತ್ತಾರೆ. ಮಾಡಿದವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕೆತ್ತಿದ್ದರೋ ಅವರೇ ಬರುತ್ತಾರೆಂಬ ಖಾತ್ರಿಯಿಲ್ಲ. ಸಿಡುಕು ಮೋರೆ ಕೆತ್ತಿಟ್ಟರೆ ಒಣಗುವಾಗ ತುಟಿಯ ತುದಿ ಮೇಲಕ್ಕೆ ಜಗ್ಗಿ ನಗುಮೊಗ ಆಗಿಬಿಡಬಹುದು. ಅರ್ಧ ಕೆಲಸ ಕೈಯದು, ಉಳಿದರ್ಧ ಗಾಳಿಯದು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಇಂಥ ಗೊಂಬೆಯ ರೂಢಿಯಿಲ್ಲ. ಇರುವುದಾದರೂ ಹೇಗೆ? ಸೇಬು ಇಲ್ಲಿ ಬೆಳೆಯುವ ಹಣ್ಣಲ್ಲ. ಹೊರಗಿನಿಂದ ಪೆಟ್ಟಿಗೆಯಲ್ಲಿ ಬಂದು ಸಂತೆಯಲ್ಲಿ ಕೂರುವ, ಈಗಲೂ ಬಹಳ ಮನೆಗಳಲ್ಲಿ ಆಸ್ಪತ್ರೆಯಲ್ಲಿ ಮಲಗಿದವರನ್ನು ಮಾತಾಡಿಸಲು ಹೋಗುವಾಗಲಷ್ಟೇ ಕೊಳ್ಳುವ ಹಣ್ಣು ಅದು. ಆದರೆ ಒಣಗುವ, ಕರಗುವ, ಒಡೆಯುವ ವಸ್ತುಗಳಿಂದ ಗೊಂಬೆ ಮಾಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಮಳೆ ಹಿಡಿದಾಗ ಮಣ್ಣಿನದು, ಚಳಿಗೆ ಸಕ್ಕರೆಯದು, ಸುಗ್ಗಿ ಮುಗಿದ ಮೇಲೆ ಜೋಳದ ದಂಟಿನದು. ಬೆಳೆಗೆ ಮುಂಗಾರು, ಹಿಂಗಾರು ಇದ್ದಂತೆ ಗೊಂಬೆಗೂ ಇಲ್ಲಿ ಹಂಗಾಮು ಇದೆ. ಯಾವ ತಿಂಗಳಲ್ಲಿ ಯಾವುದರ ಗೊಂಬೆ ಎಂಬುದನ್ನು ಪಂಚಾಂಗ ಹೇಳುತ್ತದೆ ಎಂದು ನಾವು ತಿಳಿದಿದ್ದೇವೆ. ನನ್ನ ಲೆಕ್ಕದಲ್ಲಿ ಪಂಚಾಂಗಕ್ಕಿಂತ ಮೊದಲು ಅದನ್ನು ಹೇಳಿದ್ದು ಗಾಳಿಯಲ್ಲಿನ ತೇವ. ಸೇಬಿನ ಗೊಂಬೆ ಹೇಗೆ ಆಗುತ್ತದೆ ಎಂದು ತಿಳಿದರೆ ನಮ್ಮ ಮಣ್ಣೆತ್ತು ಯಾಕೆ ಸೀಳುತ್ತದೆ ಎಂಬುದೂ ತಿಳಿಯುತ್ತದೆ.

ಮೊದಲು ಅದರ ತವರಿನ ಮಾತು. ಈ ಗೊಂಬೆಯ ಮೂಲವನ್ನು ಉತ್ತರ ಅಮೆರಿಕದ ಮೂಲನಿವಾಸಿಗಳಾದ ಸೆನೆಕಾ ಜನರಿಗೆ ಒಯ್ದು ಮುಟ್ಟಿಸುವುದು ವಾಡಿಕೆ. ಇಂದಿನ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗ ಅವರ ನೆಲ. ತಿನ್ನುವ ಸೇಬು ಅವರಿಗೂ ಪರದೇಶದ್ದೇ. ಅದರ ಕಾಡು ಪೂರ್ವಜ ಇರುವುದು ಮಧ್ಯ ಏಷ್ಯಾದ ತಿಯಾನ್ ಶಾನ್ ಬೆಟ್ಟಗಳಲ್ಲಿ. ಅಮೆರಿಕಕ್ಕೆ ಅದನ್ನು ತಂದವರು 17ನೇ ಶತಮಾನದಲ್ಲಿ ಬಂದ ಯುರೋಪಿನ ವಲಸೆಗಾರರು. ಬಂದ ನೂರು, ನೂರೈವತ್ತು ವರ್ಷದಲ್ಲಿ ಸೆನೆಕಾ ಹಳ್ಳಿಗಳ ಸುತ್ತ ದೊಡ್ಡ ಸೇಬಿನ ತೋಟಗಳೆದ್ದವು. 1779ರಲ್ಲಿ ಜನರಲ್ ಸಲಿವನ್‌ನ ದಂಡು ಆ ಹಳ್ಳಿಗಳನ್ನು ಸುಟ್ಟಾಗ ಮೆಕ್ಕೆಜೋಳದ ಹೊಲಗಳ ಜೊತೆ ಹಣ್ಣಿನ ಗಿಡಗಳನ್ನೂ ಕಡಿದು ಹಾಕಿತು. ತೋಟ ಹೋದರೂ ಗೊಂಬೆ ಉಳಿಯಿತು. ಮುಂದೆ ಅಪಲೇಚಿಯನ್ ಬೆಟ್ಟಸೀಮೆಯ ಬಡ ರೈತರ ಮನೆಗಳಲ್ಲಿ, ಚಳಿಗಾಲಕ್ಕೆಂದು ಸೇಬನ್ನು ಹೋಳು ಮಾಡಿ ದಾರಕ್ಕೆ ಪೋಣಿಸಿ ಒಣಗಿಸುತ್ತಿದ್ದಲ್ಲಿ, ಅದು ಮಕ್ಕಳ ಆಟಿಕೆಯಾಗಿ ಬೇರು ಬಿಟ್ಟಿತು. 1930ರ ಸುಮಾರಿಗೆ ಆ ಬೆಟ್ಟಗಳ ಕುಶಲಕರ್ಮಿಗಳು ಸಂಘ ಕಟ್ಟಿಕೊಂಡು ಪೇಟೆಯ ಗಿರಾಕಿಗಳಿಗೆ ಮಾರಲು ಶುರು ಮಾಡಿದ ಮೇಲೆ ಇಂಥ ಮನೆಗೊಂಬೆಗಳು ಅಲಂಕಾರದ ವಸ್ತುಗಳೂ ಆದವು.

ಅದೇ ಜನರ ಇನ್ನೊಂದು ಗೊಂಬೆ ನಮಗೆ ಇನ್ನೂ ಹತ್ತಿರದ್ದು. ಮೆಕ್ಕೆಜೋಳದ ತೆನೆಯ ಸಿಪ್ಪೆಯನ್ನು ನೆನೆಸಿ, ಮಡಚಿ, ಕಟ್ಟಿ ಮಾಡುವ ಆ ಗೊಂಬೆಗೆ ಮುಖವನ್ನೇ ಬರೆಯುವುದಿಲ್ಲ. ತನ್ನ ಚೆಲುವು ನೋಡಿಕೊಳ್ಳುತ್ತಾ ಕೆಲಸ ಮರೆತ ಗೊಂಬೆಯ ಮುಖವನ್ನು ಸೃಷ್ಟಿಕರ್ತ ಕಿತ್ತುಕೊಂಡ ಎಂಬ ಕಥೆ ಅದರ ಹಿಂದಿದೆ. ಒಂದೇ ಸಮುದಾಯದಲ್ಲಿ ಒಂದು ಗೊಂಬೆಗೆ ಮುಖವೇ ಇಲ್ಲ, ಇನ್ನೊಂದಕ್ಕೆ ಮುಖ ಬಿಟ್ಟು ಬೇರೆ ಹೆಚ್ಚುಗಾರಿಕೆ ಇಲ್ಲ.

ಮಾಡುವ ಬಗೆ ಸುಲಭ, ಕಾಯುವುದು ಕಷ್ಟ. ಗಟ್ಟಿ ತಿರುಳಿನ, ಪೆಟ್ಟು ತಿನ್ನದ, ಆದಷ್ಟು ದೊಡ್ಡ ಸೇಬು ಬೇಕು. ಒತ್ತಿದರೆ ಹಿಟ್ಟು ಹಿಟ್ಟಾಗುವ ಹಳೆಯ ದಾಸ್ತಾನಿನ ಹಣ್ಣು ಕೆತ್ತುವಾಗಲೇ ಉದುರುತ್ತದೆ. ಸಿಪ್ಪೆ ತೆಗೆಯುವಾಗ ತೊಟ್ಟಿನ ಸುತ್ತ, ತಳದ ಸುತ್ತ ಬಿಲ್ಲೆಯಷ್ಟು ಬಿಡುತ್ತಾರೆ. ತಲೆ ಕುಸಿಯದಂತೆ ಅದು ಹಿಡಿದಿಡುತ್ತದೆ. ಆಮೇಲೆ ಕೆತ್ತನೆ. ಇಲ್ಲಿ ನಾಜೂಕು ಕೆಲಸಕ್ಕೆ ಬಾರದು. ಮೂಗು ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದಿರಬೇಕು. ಕಣ್ಣಿನ ಗುಳಿಗೆ ಹೆಬ್ಬೆರಳಿನ ತುದಿ ಕೂರಬೇಕು. ಬಾಯಿ ಒಂದು ಸೀಳು ಅಲ್ಲ, ಬೆಣೆಯಾಕಾರದ ಹಳ್ಳ. ಗದ್ದ ಮುಂದಕ್ಕೆ ಚಾಚಿರಬೇಕು. ಹಸಿಯಲ್ಲಿ ನೋಡಿದರೆ ಬೆದರುಬೊಂಬೆಯ ಮೋರೆ. ಚೆಂದ ಕಂಡರೆ ಕೆತ್ತಿದ್ದು ಕಡಿಮೆಯಾಯಿತು ಎಂದೇ ಅರ್ಥ. ಅಚ್ಚುಕಟ್ಟಾಗಿ ಕೊರೆದ ಸಣ್ಣ ಮೂಗು ಎರಡನೇ ವಾರಕ್ಕೆ ಸುಕ್ಕುಗಳ ನಡುವೆ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಕೆತ್ತಿದ ಕೂಡಲೇ ಲಿಂಬೆರಸ, ಉಪ್ಪಿನಲ್ಲಿ ಅದ್ದಬೇಕು. ಒಂದು ಬಟ್ಟಲು ರಸಕ್ಕೆ ಒಂದು ಚಮಚ ಉಪ್ಪು ಹಾಕಿ, ಹಣ್ಣನ್ನು ಹೊರಳಿಸುತ್ತಾ ಅರ್ಧ ಗಂಟೆ ಬಿಡುವುದು ರೂಢಿ. ಬದನೆಕಾಯಿ ಹೆಚ್ಚಿದ ತಕ್ಷಣ ಉಪ್ಪುನೀರಿಗೆ ಹಾಕುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ. ಚಾಕು ತಗುಲಿದ ಕಡೆ ಜೀವಕೋಶ ಒಡೆದು, ಅದರೊಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕದ ನೆರವಿನಿಂದ ತಿರುಳನ್ನು ಕಪ್ಪಾಗಿಸುತ್ತದೆ. ಹುಳಿ ಆ ಕಿಣ್ವವನ್ನು ಕುಗ್ಗಿಸುತ್ತದೆ. ಉಪ್ಪು ಮೇಲ್ಪದರದ ನೀರನ್ನು ಹೊರಗೆಳೆದು ಬೂಷ್ಟಿಗೆ ಅಡ್ಡಗಾಲು ಹಾಕುತ್ತದೆ. ಪೂರ್ತಿ ಬಿಳಿಯಾಗಿ ಉಳಿಯುವುದಂತೂ ಇಲ್ಲ. ಒಣಗುತ್ತಾ ಗೋಧಿಬಣ್ಣಕ್ಕೆ, ಆಮೇಲೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕಣ್ಣಿಗೆ ಅದೇ ಮೈಬಣ್ಣ ಒಪ್ಪುತ್ತದೆ; ಬಿಳಿ ಉಳಿಯಲಿಲ್ಲವೆಂದು ಕೊರಗುವುದು ಅಲ್ಲಿಯವರ ಪಾಡು.

ನಡುವೆ ತಂತಿಯನ್ನೋ ಕಡ್ಡಿಯನ್ನೋ ಚುಚ್ಚಿ, ನೆರಳಲ್ಲಿ, ಗಾಳಿಯಾಡುವ ಕಡೆ ತೂಗುಹಾಕಿದರೆ ಎರಡರಿಂದ ನಾಲ್ಕು ವಾರ. ಮೊದಲ ವಾರ ದಿನಕ್ಕೊಮ್ಮೆ ಬೆರಳಿನಿಂದ ಮೂಗು ಹಿಂಡಿ, ಗಲ್ಲ ಒತ್ತಿ ತಿದ್ದಬಹುದು. ಕಣ್ಣಿಗೆ ಲವಂಗ, ಮೆಣಸು ಅಥವಾ ಮಣಿ. ಹಲ್ಲಿಗೆ ಅಕ್ಕಿಕಾಳು. ಕೂದಲಿಗೆ ಉಣ್ಣೆ. ತಿರುಳು ಇನ್ನೂ ಮೆತ್ತಗಿರುವಾಗಲೇ ಕಣ್ಣು ಸಿಕ್ಕಿಸಿದರೆ ಸುತ್ತಲಿನ ರೆಪ್ಪೆ ತಾನೇ ಬಿಗಿದು ಹಿಡಿದುಕೊಳ್ಳುತ್ತದೆ.

ಇಷ್ಟು ಸುಕ್ಕು ಬರುವುದೆಲ್ಲಿಂದ? ಸೇಬಿನಲ್ಲಿ ನೂರಕ್ಕೆ ಸುಮಾರು 85 ಪಾಲು ನೀರು. ಸಿಪ್ಪೆ ತೆಗೆದ 200 ಗ್ರಾಂ ತಿರುಳಿನಲ್ಲಿ ನೀರಲ್ಲದ್ದು 30 ಗ್ರಾಂ. ಒಣಗಿ ಮುಗಿದಾಗ ತಲೆ 40 ಗ್ರಾಂ ತೂಗಿದರೆ ಹೆಚ್ಚು. ಇದರ ಮೇಲೆ, ಸೇಬಿನ ಗಾತ್ರದ ಕಾಲು ಭಾಗದಷ್ಟು ಬರೀ ಗಾಳಿ. ಅದಕ್ಕೇ ಅದು ನೀರಲ್ಲಿ ತೇಲುತ್ತದೆ. ನೀರು ಹೋದಂತೆ ಜೀವಕೋಶಗಳ ಬಿಗುವು ತಪ್ಪಿ, ನಡುವಿನ ಗಾಳಿಯ ಸಂದುಗಳೂ ಕುಸಿಯುತ್ತವೆ. ಹೊರಗಿನ ಪದರು ಮೊದಲು ಒಣಗಿ ಒಂದು ಅಳತೆಗೆ ನಿಂತುಬಿಡುತ್ತದೆ. ಒಳಗಿನ ತಿರುಳು ಆಮೇಲೂ ಕುಗ್ಗುತ್ತಲೇ ಇರುತ್ತದೆ. ದೊಡ್ಡ ಅಂಗಿಯೊಳಗೆ ಸಣ್ಣಗಾದ ಮೈ. ಅಂಗಿ ಮಡಿಕೆ ಬೀಳದೆ ಗತಿಯಿಲ್ಲ. ಹರಿಯದೆ ಮಡಿಕೆಯೇ ಯಾಕೆ ಬೀಳುತ್ತದೆಂದರೆ ತಿರುಳಿನಲ್ಲಿ ನಾರಿದೆ. ಸೆಲ್ಯುಲೋಸ್, ಪೆಕ್ಟಿನ್‌ಗಳ ಜಾಲ ಬಾಗುತ್ತದೆ, ಮುರಿಯುವುದಿಲ್ಲ. ಈ ನಾರಿನ ಮಾತನ್ನು ಕೊಂಚ ನೆನಪಿಟ್ಟುಕೊಂಡು ಎರಿ ಹೊಲಕ್ಕೆ ಬರೋಣ.

ಕಾರಹುಣ್ಣಿಮೆಗೆ ನಿಜವಾದ ಎತ್ತುಗಳನ್ನು ಸಿಂಗರಿಸಿ, ಕರಿ ಹರಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಜೂನ್ ಕೊನೆ, ಜುಲೈ ಮೊದಲು. ಮೃಗಶಿರಾ ಮಳೆ ಹನಿದು, ಕೆರೆಯಂಗಳದ ಮಣ್ಣು ಕೈಗೆ ಬರುವಷ್ಟು ಹದವಾಗಿರುವ ಕಾಲ. ಆ ದಿನ ಜೋಡಿ ಎತ್ತು, ಅವುಗಳ ಮುಂದೊಂದು ಗ್ವಾದಲಿ, ಎಲ್ಲವೂ ಹಸಿಮಣ್ಣಿನವು. ಕುಂಬಾರರು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುವುದೂ ಉಂಟು, ಮಕ್ಕಳು ತಾವೇ ಮಾಡುವುದೂ ಉಂಟು. ಕಣ್ಣಿಗೆ ಕಾಳು ಒತ್ತಿ, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ಎಡೆ ಹಿಡಿಯುತ್ತಾರೆ. ಇಲ್ಲಿಂದ ಶುರುವಾಗಿ ಮುಂಗಾರಿನುದ್ದಕ್ಕೂ ಉತ್ತರ ಕರ್ನಾಟಕದಲ್ಲಿ ಐದು ಸಲ ಮಣ್ಣಿಗೆ ಪೂಜೆ: ಮಣ್ಣೆತ್ತು, ಆಷಾಢದ ಮಂಗಳವಾರಗಳ ಗುಳ್ಳವ್ವ, ನಾಗಪ್ಪ, ಗಣಪ್ಪ, ಕಡೆಗೆ ಜೋಕುಮಾರ. ಭೀಮೆಯ ಆಚೆ ವಿಜಯಪುರ, ಬಾಗಲಕೋಟೆ ಕಡೆ ಗುಳ್ಳವ್ವನ ಆಟ ಜೋರು. ಗುಲಗಂಜಿ, ಕುಸುಬಿ ಕಾಳು ಚುಚ್ಚಿ ಅವಳನ್ನು ಸಿಂಗರಿಸುತ್ತಾರೆ. ಈ ಐದರಲ್ಲಿ ಒಂದನ್ನೂ ಸುಡುವ ಪದ್ಧತಿ ಇರಲಿಲ್ಲ. ಆವಿಗೆ ಕಾಣದ ಹಸಿ ಮಣ್ಣು.

ಹೊಲದ ಮಣ್ಣು ಮುಷ್ಟಿಗೆ ತಗೊಂಡು ಎತ್ತು ಮಾಡಿ ಬಿಸಿಲಿಗಿಟ್ಟ ಹುಡುಗನಿಗೆ ಸಂಜೆಗೆ ಕಾಣುವುದು ಬೆನ್ನುದ್ದ ಸೀಳಿದ ಎತ್ತು. ಎರಿಮಣ್ಣಿನ ಗುಣವೇ ಅದು. ದಖ್ಖನ್ನಿನ ಕಪ್ಪುಕಲ್ಲು ಲಕ್ಷಾಂತರ ವರ್ಷ ಸವೆದು ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೇರಳ. ಕಣ್ಣಿಗೆ ಕಾಣದಷ್ಟು ತೆಳು ಹಾಳೆಗಳ ಅಟ್ಟಿ ಅದು. ನೀರು ಬಿದ್ದರೆ ಹಾಳೆ ಹಾಳೆಯ ನಡುವೆ ಹೊಕ್ಕು ಉಬ್ಬುತ್ತದೆ, ನೀರು ಹೋದರೆ ಅಷ್ಟೇ ಕುಗ್ಗುತ್ತದೆ. ಬೇಸಿಗೆಯಲ್ಲಿ ಜೇವರ್ಗಿ, ಅಫಜಲಪುರದ ಹೊಲಗಳು ಕಾಲು ಸಿಕ್ಕಿಬೀಳುವಷ್ಟು ಬಾಯಿ ಬಿಡುವುದೂ, ಆ ಬಿರುಕುಗಳೇ ಮುಂಗಾರಿನ ನೀರನ್ನು ಆಳಕ್ಕೆ ನುಂಗಿ ಹಿಂಗಾರಿ ಜೋಳಕ್ಕೆ ಉಳಿಸುವುದೂ ಇದೇ ಗುಣದಿಂದ. ಹೊಲಕ್ಕೆ ವರವಾದದ್ದು ಗೊಂಬೆಗೆ ಶಾಪ. ಇಲ್ಲೂ ಹೊರಗು ಮೊದಲು ಒಣಗುತ್ತದೆ, ಒಳಗು ಹಿಂದೆ ಬೀಳುತ್ತದೆ. ಕುಗ್ಗಲು ಹೊರಟ ಹೊರಪದರನ್ನು ಇನ್ನೂ ಉಬ್ಬಿಯೇ ಇರುವ ಒಳಮೈ ತಡೆಯುತ್ತದೆ. ಮಣ್ಣಿಗೆ ಬಾಗುವ ನಾರಿಲ್ಲ. ಅದು ಸೀಳುತ್ತದೆ.

ಸೇಬಿಗೂ ಎರಿಮಣ್ಣಿಗೂ ಒಣಗುವ ರೀತಿ ಒಂದೇ. ಒಂದು ಮಡಿಕೆ ಬಿದ್ದು ಮುಖವಾಗುತ್ತದೆ, ಇನ್ನೊಂದು ಒಡೆದು ಹೆಂಟೆಯಾಗುತ್ತದೆ. ವ್ಯತ್ಯಾಸ ಇಷ್ಟೂ ನಾರಿನದು. ಕುಂಬಾರರಿಗೆ ಇದು ಯಾವ ಪುಸ್ತಕವಿಲ್ಲದೆ ಗೊತ್ತು. ಅವರು ಹೊಲದ ಮಣ್ಣಿಗೆ ಕೈ ಹಾಕುವುದೇ ಇಲ್ಲ. ಕೆರೆಯ ಮಣ್ಣು ತಂದು, ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಬೂದಿ, ಲದ್ದಿ, ನುಣ್ಣನೆ ಉಸುಕು ಸೇರಿಸಿ ತುಳಿಯುತ್ತಾರೆ. ಲದ್ದಿ ಎಂದರೆ ಪ್ರಾಣಿಯ ಹೊಟ್ಟೆಯಲ್ಲಿ ಅರೆದು ಬಂದ ಹುಲ್ಲಿನ ನಾರು. ಗೋಡೆಗೆ ಮೆತ್ತುವ ಮಣ್ಣಿಗೆ ಹೊಟ್ಟು ಕಲಸುವುದೂ ಇದೇ ಲೆಕ್ಕ. ಸೇಬು ತನ್ನೊಳಗೆ ಹೊತ್ತು ತಂದದ್ದನ್ನು ಮಣ್ಣಿಗೆ ಮನುಷ್ಯ ಹೊರಗಿನಿಂದ ಕೊಡುತ್ತಾನೆ. ಕೊಪ್ಪಳ ಬಳಿಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಯ ಸಂದು ಮುಚ್ಚಲು ಬಳಸುವ ‘ಕಿಟ್ಟ’ದಲ್ಲೂ ನಾರೇ ಮುಖ್ಯ: ನೆನೆಸಿ ಕುಟ್ಟಿದ ಗೋಣಿಚೀಲ, ಮರದ ಹೊಟ್ಟು, ಹುಣಸೆಬೀಜದ ಅಂಟು. ಅಲ್ಲಿ ಗೊಂಬೆ ನೂರು ವರ್ಷ ಬಾಳಬೇಕು ಎಂಬ ಹಟವಿದೆ.

ಮಣ್ಣೆತ್ತಿಗೆ ಆ ಹಟವಿಲ್ಲ. ಮರುದಿನವೇ ಮಕ್ಕಳು ಒಂದು ಎತ್ತಿನ ಕಾಲು ಮುರಿದು, ತಟ್ಟೆಯಲ್ಲಿಟ್ಟುಕೊಂಡು ಕುಂಟೆತ್ತು ಬಂದಿದೆ ಎಂದು ಮನೆಮನೆಗೆ ಹೋಗಿ ಜೋಳ ಕೇಳುವ ಆಟ ಅನೇಕ ಊರುಗಳಲ್ಲಿದೆ. ಬಂದ ಕಾಳಿನಲ್ಲಿ ಊಟವೋ ತಿನಿಸೋ ಆಗುತ್ತದೆ. ಬೇಕೆಂದೇ ಕಾಲು ಮುರಿಯುವ ಈ ಪದ್ಧತಿ ನನಗೆ ಬಹಳ ಇಷ್ಟ. ಹಸಿಮಣ್ಣಿನ ಎತ್ತಿನ ಕಾಲು ಒಣಗಿದ ಮೇಲೆ ಹೇಗೂ ಮುರಿಯುವುದೇ ತಾನೆ? ಕೊರತೆಯನ್ನು ಹಬ್ಬದೊಳಗೆ ಸೇರಿಸಿಕೊಂಡ ಜಾಣತನ ಇದು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅಚ್ಚು ಹೊಡೆದು, ಹೊಳೆಯುವ ಬಣ್ಣ ಬಳಿದ ಎತ್ತುಗಳು ಪೇಟೆಗೆ ಬಂದಿವೆ. ಅವು ಸೀಳುವುದಿಲ್ಲ, ಕರಗುವುದೂ ಇಲ್ಲ. ಬಾವಿಗೆ ಬಿಟ್ಟರೆ ಬಾವಿಯಲ್ಲೇ ಕೂರುತ್ತವೆ.

ಐದನೆಯ ಮಣ್ಣು ಜೋಕುಮಾರ. ಭಾದ್ರಪದದ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಯ ಹೊತ್ತಿಗೆ ಸಾಯುವ ಇವನದು ಏಳು ದಿನದ ಆಯುಷ್ಯ. ಅಂಬಿಗ, ತಳವಾರ ಮೊದಲಾದ ಮನೆತನಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನೆಲೆಯ ನಡುವೆ ಅವನನ್ನು ಕೂರಿಸಿಕೊಂಡು ಹಾಡುತ್ತಾ ಮನೆಮನೆಗೆ ಬರುತ್ತಾರೆ. ಅಗಲ ಮುಖ, ಹಿಗ್ಗಲಿಸಿದ ಕಣ್ಣು, ಹುರಿಮೀಸೆ, ತೆರೆದ ಬಾಯಿ. ಆ ಬಾಯಿಗೆ ಬಂದವರೆಲ್ಲ ಬೆಣ್ಣೆ ಹಚ್ಚುತ್ತಾರೆ. ಮಳೆ ತರುವ ದೇವರಿಗೆ ಬೆಣ್ಣೆಯ ಎಡೆ ಎಂಬುದು ಭಕ್ತಿಯ ಮಾತು. ನನಗೆ ಹೊಳೆಯುವ ಇನ್ನೊಂದು ಸಂಗತಿ: ಮುಖದಲ್ಲಿ ಎಲ್ಲಕ್ಕಿಂತ ತೆಳ್ಳಗಿದ್ದು ಮೊದಲು ಬಿರುಕು ಬಿಡಬೇಕಾದದ್ದು ತುಟಿ, ಜಿಡ್ಡು ಹಚ್ಚಿದ ಮಣ್ಣಿನಿಂದ ನೀರು ನಿಧಾನ ಆರುತ್ತದೆ. ಏಳು ದಿನ ಊರೆಲ್ಲ ತಿರುಗಬೇಕಾದ ಹಸಿಮಣ್ಣಿನ ಬಾಯಿಗೆ ಬೆಣ್ಣೆಗಿಂತ ಒಳ್ಳೆಯ ಮದ್ದು ಯಾವುದಿದೆ? ಕೊನೆಗೆ ಅವನನ್ನು ಅಗಸರ ಕಲ್ಲಿನ ಬಳಿ ಒಯ್ದು ಒಡೆದು ಹಾಕುತ್ತಾರೆ. ಚಂದ್ರಶೇಖರ ಕಂಬಾರರು ‘ಜೋಕುಮಾರಸ್ವಾಮಿ’ ನಾಟಕಕ್ಕೆ ಈ ಆಚರಣೆಯನ್ನೇ ಆಧಾರ ಮಾಡಿಕೊಂಡರು. ನಾಟಕ ನೋಡಿದವರಿಗಿಂತ ಆ ಬುಟ್ಟಿಗೆ ಜೋಳ ಹಾಕಿದವರ ಸಂಖ್ಯೆ ಇಂದಿಗೂ ದೊಡ್ಡದು.

ಮಳೆ ಹಿಂದೆಗೆದು, ಗಾಳಿ ಒಣಗಿ, ಬೆಳಗಿನ ಚಳಿ ಶುರುವಾದ ಮೇಲೆ ಮಣ್ಣಿನ ಸರದಿ ಮುಗಿಯುತ್ತದೆ. ಕಾರ್ತಿಕದ ಗೌರಿಹುಣ್ಣಿಮೆಗೆ ಬರುವುದು ಸಕ್ಕರೆ ಗೊಂಬೆ. ಪಾಕಕ್ಕೆ ಹಾಲು ಬಿಟ್ಟು, ಮೇಲೆ ಬಂದ ಮಡ್ಡಿ ತೆಗೆದು, ನೀರಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚಿನ ಎರಡು ಹೋಳನ್ನು ಬಿಗಿದು ಕಟ್ಟಿ ಒಳಗೆ ಸುರಿಯುತ್ತಾರೆ. ಗೌರಿ, ಬಸವಣ್ಣ, ನವಿಲು, ಆನೆ, ತೇರು. ಆರತಿ ಬೆಳಗಿ, ಆಮೇಲೆ ತಿನ್ನುವ ಗೊಂಬೆ. ನಿಶ್ಚಯವಾದ ಹುಡುಗಿಗೆ ಬೀಗರ ಮನೆಯಿಂದ ಸಕ್ಕರೆ ಆರತಿ ಹೋಗುವುದು ಈ ಸೀಮೆಯ ಮರ್ಯಾದೆ. ಇದನ್ನು ಶ್ರಾವಣದಲ್ಲಿ ಮಾಡಿ ನೋಡಿ: ಸಕ್ಕರೆ ಗಾಳಿಯ ತೇವ ಹೀರಿ, ನವಿಲಿನ ಕುತ್ತಿಗೆ ಬೆವರಿ, ಬಾಗಿ, ತಟ್ಟೆಗೆ ಅಂಟುತ್ತದೆ. ಕಾರ್ತಿಕದಲ್ಲಿ ಅದೇ ನವಿಲು ವಾರಗಟ್ಟಲೆ ಗರಿಗರಿಯಾಗಿರುತ್ತದೆ. ಭೂಸನೂರು, ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳೆದ್ದು ಆಳಂದ, ಅಫಜಲಪುರದ ಹೊಲಗಳಿಗೆ ಕಬ್ಬು ನುಗ್ಗಿದ್ದು ಇತ್ತೀಚಿನ ಸಂಗತಿ. ಸಕ್ಕರೆ ಗೊಂಬೆ ಅದಕ್ಕಿಂತ ಬಹಳ ಹಿಂದಿನದು.

ದಂಟಿನ ಸರದಿ ಫೆಬ್ರುವರಿ, ಮಾರ್ಚ್‌ನಲ್ಲಿ. ಹಿಂಗಾರಿ ಜೋಳ ಕೊಯ್ದು ಕಣಿಕಿ ಒಟ್ಟಿದ ಮೇಲೆ ಒಂದು ದಂಟು ಎಳೆದರೆ ಯಾರೂ ಬೈಯುವುದಿಲ್ಲ. ಹೊರಗಿನ ಗಟ್ಟಿ ಸಿಬಿರನ್ನು ಹಲ್ಲಲ್ಲಿ ಸಿಗಿದು ತೆಗೆದರೆ ಒಳಗೆ ಹಗುರ, ಬಿಳಿ ಬೆಂಡು. ಬೆಂಡು ಕತ್ತರಿಸಿ ಗಾಡಿ, ಗಾಲಿ, ಎತ್ತು, ಬೀಸುವಕಲ್ಲು, ಕನ್ನಡಕ. ಅದೇ ದಂಟಿನ ಸಿಬಿರೇ ಮೊಳೆ. ಅಂಟಿಲ್ಲ, ದಾರವಿಲ್ಲ, ಚಾಕು ಕೂಡ ಬೇಡ. ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದ ಎಂ 35-1 ಎಂಬ ಮಾಲದಂಡಿ ಜೋಳ ಈ ಮೂರು ತಾಲ್ಲೂಕಿನ ಎರಿ ಹೊಲಗಳಿಗೆ ಒಗ್ಗಿಹೋದ ತಳಿ. ಆಳೆತ್ತರದ ಅದರ ದಂಟು ದನಕ್ಕೂ ಬೇಕು, ಮಕ್ಕಳಿಗೂ ಬೇಕು. ಈಗ ಅದೇ ಹೊಲದಲ್ಲಿ ತೊಗರಿ ಹೆಚ್ಚು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ತೊಗರಿ ಕಟ್ಟಿಗೆಯಿಂದ ಬುಟ್ಟಿ ಹೆಣೆಯಬಹುದು, ಒಲೆ ಉರಿಸಬಹುದು. ಗಾಡಿ ಮಾಡಲು ಅದರಲ್ಲಿ ಬೆಂಡಿಲ್ಲ. ದಂಟಿನ ಗಾಡಿ ಕಡಿಮೆಯಾದದ್ದಕ್ಕೆ ಮೊಬೈಲ್ ಫೋನನ್ನು ದೂರುವ ಮೊದಲು ಬೆಳೆ ಬದಲಾದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಈ ಸಾಲಿನಲ್ಲಿ ಸೇಬಿನ ಗೊಂಬೆಗೆ ಯಾವ ತಿಂಗಳು ಬಿಟ್ಟುಕೊಡಬಹುದು? ಮೇ ತಿಂಗಳ ಬಿಸಿಲು ಒಣಗಿಸಲು ಒಳ್ಳೆಯದು ಎಂದು ತೋರುತ್ತದೆ. ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಎಲ್ಲ ಮಾಳಿಗೆ ಹತ್ತುವುದು ಆಗಲೇ. ಆದರೆ ಸಂಡಿಗೆ ತೆಳುವು, ಸೇಬು ದಪ್ಪ. 42, 43 ಡಿಗ್ರಿಯ ಬಿಸಿಲಿಗಿಟ್ಟರೆ ಮೇಲ್ಪದರು ಒಂದೇ ದಿನದಲ್ಲಿ ಚರ್ಮಗಟ್ಟಿ, ಒಳಗಿನ ನೀರಿಗೆ ಹೊರಬರುವ ದಾರಿ ಮುಚ್ಚುತ್ತದೆ. ಹೊರಗೆ ಗಟ್ಟಿ, ಒಳಗೆ ಕೊಳೆ. ಮುಂಗಾರಿನಲ್ಲಿ ಮಾಡಿದರೆ ಮೂರನೇ ದಿನಕ್ಕೆ ಅಜ್ಜನಿಗೆ ಬೂಷ್ಟಿನ ಗಡ್ಡ. ಸರಿಯಾದ ಹೊತ್ತೆಂದರೆ ದೀಪಾವಳಿ ಕಳೆದ ಮೇಲೆ, ಎಳ್ಳಮಾವಾಸ್ಯೆಯೊಳಗೆ. ಗಾಳಿ ಒಣಗಿದೆ, ಬಿಸಿಲು ಹದವಾಗಿದೆ, ಸಕ್ಕರೆ ಗೊಂಬೆಯೂ ಅದನ್ನೇ ಹೇಳಿದೆ. ಕಾಶ್ಮೀರ, ಹಿಮಾಚಲದ ಸೇಬಿನ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹೊಸ ಹಣ್ಣು ಇಲ್ಲಿಯ ಸಂತೆ ಮುಟ್ಟುವುದೂ ಆಗಲೇ. ಅದರಲ್ಲಿ ಕೆಂಪು ಡೆಲಿಷಸ್ ಜಾತಿಯೂ ಅಮೆರಿಕದ್ದೇ ಎಂಬುದು ತಮಾಷೆಯ ಸಂಗತಿ. ಫಿಲಡೆಲ್ಫಿಯಾದಿಂದ ಬಂದು ಸತ್ಯಾನಂದನಾದ ಸ್ಯಾಮ್ಯುಯೆಲ್ ಸ್ಟೋಕ್ಸ್ 1910ರ ದಶಕದಲ್ಲಿ ಹಿಮಾಚಲದ ಕೋಟಗಢದಲ್ಲಿ ಅದನ್ನು ನೆಟ್ಟು ಬೆಳೆಸಿದರು.

ಉಳಿದದ್ದೆಲ್ಲ ಊರಲ್ಲೇ ಇದೆ. ಲಿಂಬೆಗೆ ಭೀಮೆ ದಾಟಿದರೆ ಇಂಡಿ. ತೂಗುಹಾಕಲು ಅಡುಗೆಮನೆಯ ನೆಲವಿಗಿಂತ ಒಳ್ಳೆಯ ಜಾಗ ಇಲ್ಲ: ಇರುವೆ ಏರುವುದಿಲ್ಲ, ಒಲೆಯ ಬೆಚ್ಚಗಿನ ಗಾಳಿ ಸಿಗುತ್ತದೆ, ಹೊಗೆಗೆ ನೊಣ ಬಾರದು. ಬಣ್ಣ ಮಾತ್ರ ಇನ್ನೂ ಒಂದು ಪಾಲು ಕಪ್ಪಾಗುತ್ತದೆ. ಹಲ್ಲಿಗೆ ಅಕ್ಕಿಯ ಬದಲು ಬಿಳಿಜೋಳದ ಕಾಳು ಒಂದೆರಡು ಸಾಕು. ತಲೆಗೂದಲಿಗೆ ಕಂಬಳಿಯ ಉಣ್ಣೆ ಅಥವಾ ಜೇವರ್ಗಿ ಕಡೆಯ ಅರಳೆ. ಮೈಗೆ ತಂತಿಯ ಮೇಲೆ ಚಿಂದಿ ಸುತ್ತಬೇಕು. ಕೌದಿ ಹೊಲಿದು ಉಳಿದ ತುಂಡುಗಳಲ್ಲಿ ಎರಡು ಮನೆತನಕ್ಕಾಗುವಷ್ಟು ಬಟ್ಟೆಯಿರುತ್ತದೆ. ಅಜ್ಜನಿಗೆ ರುಮಾಲು ಸುತ್ತಿದರೆ ಮೇಲೆ ಬಿಟ್ಟ ಸಿಪ್ಪೆಯ ಬಿಲ್ಲೆ ಮುಚ್ಚಿಹೋಗುತ್ತದೆ, ಅಜ್ಜಿಗೆ ಸೆರಗು. ಕಣ್ಣಿಗೆ ಗುಲಗಂಜಿ ಇಡುವ ಆಸೆ ಎಲ್ಲರಿಗೂ ಆಗುತ್ತದೆ, ಕೆಂಪಿನ ತುದಿಗೆ ಕರಿ ಚುಕ್ಕೆ ಸಿದ್ಧವೇ ಇದೆ. ಆದರೆ ಆ ಬೀಜದೊಳಗೆ ಅಬ್ರಿನ್ ಎಂಬ ಕಡುವಿಷವಿದೆ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆ ತಡೆಯಬಹುದು. ತೂತು ಕೊರೆದದ್ದನ್ನೋ ಒಡೆದದ್ದನ್ನೋ ಅಗಿದರೆ ಜೀವಕ್ಕೆ ಸಂಚಕಾರ. ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿದ್ದ ಮನೆಯಲ್ಲಿ ಕಣ್ಣಿಗೆ ಮೆಣಸುಕಾಳೇ ಇರಲಿ.

ಹಣ್ಣು ದಂಡ ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ತಿನ್ನುವ ಪದಾರ್ಥ ಆಟಕ್ಕೆ ಹಾಕುವುದು ನಮ್ಮ ಮನೆಗಳಲ್ಲಿ ಸುಲಭಕ್ಕೆ ಒಪ್ಪುವ ಸಂಗತಿಯಲ್ಲ. ಸಕ್ಕರೆ ಗೊಂಬೆಯನ್ನು ಒಪ್ಪಿದ್ದು ಕಡೆಗೆ ಅದು ಹೊಟ್ಟೆಗೇ ಹೋಗುತ್ತದೆಂದು. ಸಂತೆಯ ಕೊನೆಗೆ ಅಗ್ಗಕ್ಕೆ ಹಾಕುವ, ಒಂದು ಮಗ್ಗುಲು ಪೆಟ್ಟು ತಿಂದ ಹಣ್ಣನ್ನು ತಂದು ಆ ಮಗ್ಗುಲಲ್ಲೇ ಕಣ್ಣಿನ ಗುಳಿ ತೋಡಿದರೆ ಆ ಮಾತಿಗೂ ಅರ್ಧ ಉತ್ತರ ಸಿಕ್ಕಂತೆ. ಬದುವಿನ ಬಾರಿಹಣ್ಣು ಗಿಡದ ಕೆಳಗೇ ಬಿದ್ದು ಒಣಗಿ ಸುಕ್ಕುಗಟ್ಟಿರುತ್ತದೆ. ಒಳಗೆ ಬೀಜ ಗಟ್ಟಿಯಿರುವುದರಿಂದ ಕೆತ್ತುವ ಮಾತಿಲ್ಲ. ಎರಡು ಸಾಸಿವೆ ಕಾಳು ಅಂಟಿಸಿ, ಕಡ್ಡಿಗೆ ಬಟ್ಟೆ ಸುತ್ತಿದರೆ ಬೆರಳುದ್ದದ ಮುದುಕರ ಪಂಚಾಯಿತಿಯೇ ಕೂರುತ್ತದೆ. ಬೇಸಿಗೆ ರಜೆಯಲ್ಲಿ ಹುಡುಗಿಯರು ಆಡುವ ಗೊಂಬಿ ಮದುವೆಗೆ ಮದುಮಕ್ಕಳು ಯಾವಾಗಲೂ ಇರುತ್ತಾರೆ, ಹಿರಿಯರೇ ಇರುವುದಿಲ್ಲ. ಅಕ್ಷತೆ ಹಾಕಲು ಯಾರಾದರೂ ಬೇಕಲ್ಲ.

ಉಳಿಸಿಕೊಳ್ಳುವ ಆಸೆ ಇದ್ದರೆ ಒಣಗಿದ್ದು ಪೂರ್ತಿಯಾಯಿತೇ ಎಂದು ಮೊದಲು ನೋಡಬೇಕು: ಒತ್ತಿದರೆ ಹಳೆಯ ಚಪ್ಪಲಿಯ ತೊಗಲಿನಷ್ಟು ಬಿರುಸಿರಬೇಕು, ತಣ್ಣಗೆ ಅನ್ನಿಸಬಾರದು. ತಣ್ಣಗಿದ್ದರೆ ಒಳಗಿನ್ನೂ ನೀರಿದೆ. ಆಗ ವಾರ್ನಿಶ್ ಬಳಿದರೆ ಆ ನೀರನ್ನು ಒಳಗೇ ಕೂಡಿ ಹಾಕಿದಂತೆ. ಬಿರುಸಾದ ತಲೆಗೆ ತೆಳ್ಳಗೆ ಒಂದು ಕೈ ಬಳಿದು, ತೊಗರಿ ಕೂಡಿಡುವಾಗ ಮಾಡುವ ಹಾಗೆ ಒಣಗಿದ ಬೇವಿನೆಲೆ ಹಾಕಿದ ಡಬ್ಬಿಯಲ್ಲಿಟ್ಟರೆ ನುಸಿ ಬೀಳದು. ರೋಹಿಣಿ ಮಳೆ ಬಿದ್ದ ವಾರ ಡಬ್ಬಿ ತೆಗೆದು ನೋಡಬೇಕು. ಸೇಬಿನಲ್ಲಿ ಉಳಿಯುವುದು ಬಹುಪಾಲು ಸಕ್ಕರೆಯೇ ಆದ್ದರಿಂದ ಮಳೆಗಾಲದ ಗಾಳಿಗೆ ಗಲ್ಲ ಮತ್ತೆ ಮೆತ್ತಗಾಗುತ್ತದೆ. ವಾರ್ನಿಶ್ ಬಳಿಯದೆ ಬಿಟ್ಟದ್ದಾಗಿ, ಬೂಷ್ಟು ಕಾಣದಿದ್ದರೆ ಆಡಿಗೆ ಹಾಕಬಹುದು, ಅದು ಬೇಡ ಎನ್ನುವುದಿಲ್ಲ. ತಂತಿ, ಮಣಿ, ರುಮಾಲು ಕಿತ್ತುಕೊಂಡದ್ದು ಮಾತ್ರ ಖಾತ್ರಿಯಿರಲಿ. ಬೂಷ್ಟು ಬಂದದ್ದು, ವಾರ್ನಿಶ್ ಹಚ್ಚಿದ್ದು ತಿಪ್ಪೆಗೆ.